ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವ ಹೊತ್ತು ಬಂತೇ? ಕೋಲು ಇಳಿಸಿ ನೋಡಿ

ಮುಚ್ಚಳ ತೆಗೆದು, ನೀರು ಮೇಲೆ ನಿಂತಿರುವುದು ಕಂಡ ಕೂಡಲೇ ಸಕ್ಕಿಂಗ್ ಗಾಡಿಗೆ ಫೋನ್ ಮಾಡುವವರೇ ಹೆಚ್ಚು. ಸರಿಯಿರುವ ಟ್ಯಾಂಕಿನಲ್ಲೂ ಹೊರಹೋಗುವ ಪೈಪಿನ ಮಟ್ಟಕ್ಕೆ ನೀರು ಯಾವಾಗಲೂ ಇರುತ್ತದೆ. ಖಾಲಿ ಮಾಡಿಸಿದ ಕೆಲವೇ ದಿನಕ್ಕೆ ಮತ್ತೆ ಅಷ್ಟೇ ತುಂಬುತ್ತದೆ. ಗಾಡಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ. ಅಳೆಯಬೇಕಾದ್ದು ತಳದ ಕೆಸರನ್ನು.

ಐದು ಜನರ ಮನೆಯ ಟ್ಯಾಂಕಿಗೆ ಭಾರತೀಯ ಮಾನಕ ಐಎಸ್ 2470ರ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ಸುಮಾರು 1 ಮೀಟರ್ ನೀರಿನ ಆಳ. ಇಂಥದ್ದಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಗಾಡಿ ಬೇಕು. ನಿಮ್ಮ ಟ್ಯಾಂಕ್ ದೊಡ್ಡದಿರಬಹುದು, ಮನೆಯಲ್ಲಿ ಜನ ಕಡಿಮೆಯಿರಬಹುದು. ಹಾಗಾಗಿ ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಅಳೆದುಬಿಡಿ.

ಎಂಟಡಿ ಬಿದಿರಿನ ಕೋಲಿನ ಕೆಳಗಿನ ಮೂರಡಿಗೆ ಹಳೆಯ ಬಿಳಿ ಟವೆಲ್ ಸುತ್ತಿ ದಾರದಿಂದ ಬಿಗಿಯಿರಿ. ಮುಚ್ಚಳ ತೆಗೆದು ಅರ್ಧ ಗಂಟೆ ದೂರವಿರಿ. ಬೀಡಿ, ಬೆಂಕಿ ಹತ್ತಿರ ಬೇಡ, ಜೊತೆಗೆ ಇನ್ನೊಬ್ಬರಿರಲಿ. ವಾಸನೆ ಬರುತ್ತಿಲ್ಲವೆಂದು ಬಗ್ಗಿ ನೋಡಬೇಡಿ: ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಕೋಲು ಜಾರಿ ಬಿದ್ದರೆ ಅಲ್ಲೇ ಬಿಡಿ.

ಶೌಚಾಲಯದ ಪೈಪ್ ಬಂದು ಸೇರುವ ಮೊದಲ ಕೋಣೆಯಲ್ಲಿ, ನೀರಿನ ಮೇಲೆ ತೇಲುವ ಕೊಳೆಯ ಕೆನೆಯನ್ನು ಸರಿಸಿ, ಕೋಲನ್ನು ನಿಧಾನವಾಗಿ ತಳ ಮುಟ್ಟಿಸಿ. ಮೂರು ನಿಮಿಷ ಅಲುಗಾಡಿಸದೆ ಹಿಡಿದು, ನೇರವಾಗಿ ಮೇಲೆತ್ತಿ. ಟವೆಲ್ಲಿನ ಬುಡದಿಂದ ಒಂದು ಮಟ್ಟದವರೆಗೆ ಕಪ್ಪು ಕಣಗಳು ಒತ್ತಾಗಿ ಅಂಟಿರುತ್ತವೆ, ಅದರ ಮೇಲೆ ಬರೀ ಕಂದು ಒದ್ದೆ. ಆ ಗೆರೆಯೇ ಕೆಸರಿನ ಎತ್ತರ. ಮೇಲಿನ ಕೆನೆಯ ದಪ್ಪವನ್ನೂ ಅದಕ್ಕೆ ಕೂಡಿಸಿ. ಎರಡೂ ಸೇರಿ ನೀರಿನ ಆಳದ ಮೂರನೇ ಒಂದು ಪಾಲಾಗಿದ್ದರೆ, ಅಂದರೆ ಒಂದು ಮೀಟರಿಗೆ 33 ಸೆಂಟಿಮೀಟರ್, ಗಾಡಿ ಕರೆಸಿ. ಅರ್ಧ ದಾಟಲು ಬಿಟ್ಟರೆ ಕೆಸರು ಇಂಗುಗುಂಡಿಗೆ ಹರಿದು ಮಣ್ಣಿನ ರಂಧ್ರ ಮುಚ್ಚುತ್ತದೆ. ಆಮೇಲೆ ಹೊಸ ಗುಂಡಿಯನ್ನೇ ತೋಡಿಸಬೇಕು.

ಒಂದೇ ಕಮೋಡ್ ನಿಧಾನವಾದರೆ ಆ ಪೈಪ್ ಕಟ್ಟಿಕೊಂಡಿರುತ್ತದೆ. ಮನೆಯ ಕೆಳಗಿನ ಅಂತಸ್ತಿನ ಎಲ್ಲ ಕಡೆ ಗುಳುಗುಳು ಸದ್ದು ಬಂದು ನೀರು ಇಳಿಯದಿದ್ದರೆ ಟ್ಯಾಂಕ್ ನೋಡಿ. ನೀರು ಹೊರಪೈಪಿಗಿಂತ ಮೇಲೇರಿದ್ದು ಕೆಸರು ಕಡಿಮೆಯಿದ್ದರೆ, ತೊಂದರೆ ಹೊರಪೈಪಿನಲ್ಲೋ ಇಂಗುಗುಂಡಿಯಲ್ಲೋ ಇದೆ. ಜೋರು ಮಳೆಗಾಲದಲ್ಲಿ ಅಂತರ್ಜಲ ಏರಿ ಹೀಗಾಗುವುದುಂಟು. ಆಗ ಖಾಲಿ ಮಾಡಿಸಿದರೆ ದುಡ್ಡು ದಂಡ. ಹೊರಗಿನ ನೀರಿನ ಒತ್ತಡಕ್ಕೆ ಖಾಲಿ ಟ್ಯಾಂಕಿನ ಗೋಡೆ ಬಿರುಕು ಬಿಡಲೂಬಹುದು.

ಗಾಡಿ ಬಂದಾಗ ಎರಡೂ ಕೋಣೆಯ ಮುಚ್ಚಳ ತೆಗೆಸಿ. ತಳದ ಗಟ್ಟಿ ಕೆಸರನ್ನು ಮೇಲಿನಿಂದಲೇ ನೀರು ಹಾಯಿಸಿ ಕದಡಲಿ. ಎಷ್ಟೇ ಗಟ್ಟಿಯಾಗಿರಲಿ, ಯಾರನ್ನೂ ಒಳಗಿಳಿಸಬೇಡಿ. ಸುರಕ್ಷಾ ಸಾಧನವಿಲ್ಲದೆ ಆಳು ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ, ಅದಕ್ಕಿಂತ ಮೊದಲು ಅದು ಒಬ್ಬರ ಜೀವ. ತಳದಲ್ಲಿ ಒಂದಿಂಚು ಕೆಸರು ಉಳಿಯಲಿ. ಹೊಸ ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾ ಬೇಗ ಬೆಳೆಯಲು ಅದು ನೆರವಾಗುತ್ತದೆ. ಗೋಡೆಗೆ ಫಿನಾಯಿಲ್, ಆಸಿಡ್ ಹಾಕಿ ತೊಳೆಸಬೇಡಿ.