ಬಂದು ಹೋಗುವ ನೆಟ್: ತಪ್ಪು ಲ್ಯಾಪ್‌ಟಾಪ್‌ದೋ, ಲೈನಿಂದೋ?

ನೆಟ್ ಪೂರ್ತಿ ಸತ್ತರೆ ಅಷ್ಟೇನೂ ತಲೆನೋವಿಲ್ಲ. ಜೆಸಿಬಿ ಎಲ್ಲೋ ಕೇಬಲ್ ಕಿತ್ತಿರುತ್ತೆ, ರೌಟರ್ ಮೇಲೆ ಕೆಂಪು ದೀಪ ಮಿಣುಕುತ್ತೆ, ಕಂಪ್ಲೇಂಟ್ ಕೊಟ್ಟರೆ ಯಾರಾದರೂ ಬಂದು ಸರಿಮಾಡ್ತಾರೆ. ಪ್ರಾಣ ಹಿಂಡೋದು ಬಂದು ಬಂದು ಹೋಗುವ ನೆಟ್. ಮೀಟಿಂಗ್ ನಡುವೆ ಮ್ಯಾನೇಜರ್ ಬಾಯಿ ತೆರೆದಂತೆಯೇ ನಿಂತುಬಿಡ್ತಾರೆ, ನಾವು ಆಡಿದ ಮಾತು ಅರ್ಧಕ್ಕೇ ತುಂಡಾಗುತ್ತೆ. ಲೈನ್‌ಮ್ಯಾನ್ ಗಾಡಿ ಗೇಟಿನ ಮುಂದೆ ನಿಂತಿತೋ, ಏನೂ ಅರಿಯದ ಮಳ್ಳಿಯಂತೆ ಎಲ್ಲ ಸಲೀಸಾಗಿ ಓಡುತ್ತಿರುತ್ತೆ.

ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ, ಸಿದ್ಧಗಂಗೆ ಬೆಟ್ಟದ ಕಡೆಗೆ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡ್ತೀನಿ. ರೌಟರ್ ಇರೋದು ಕೆಳಗಿನ ಹಾಲ್‌ನಲ್ಲಿ ಟಿವಿ ಪಕ್ಕ, ನಾನು ಕೂರೋದು ಮೇಲೆ ತಾರಸಿಯ ಒಂಟಿ ರೂಮಿನಲ್ಲಿ. ಫೋನ್ ಮಾಡಿದರೆ ಒಂದೇ ಮಂತ್ರ: "ಆಫ್ ಮಾಡಿ ಆನ್ ಮಾಡಿ ಮೇಡಂ." ಲೈನ್ ನೋಡಿಕೊಳ್ಳುವ ಹುಡುಗ ಬಂದಾಗಲೂ ತನ್ನ ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ತೋರಿಸಿ, "ಲೈನ್ ಸರಿಯಾಗೈತೆ ಕಣಕ್ಕ, ನಿಮ್ ಲ್ಯಾಪ್‌ಟಾಪ್‌ದೇ ಏನೋ ಐತೆ" ಅಂತ ಹೊರಟುಬಿಡೋನು. ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಯಾವ ಅರ್ಧ ಅನ್ನೋದನ್ನು ಪತ್ತೆ ಮಾಡೋಕೆ ಸ್ಪೀಡ್ ಟೆಸ್ಟ್ ನಂಬಿ ಕೂತರೆ ಆಗಲ್ಲ. ಅದು ಆ ಕ್ಷಣದ ವೇಗ ಹೇಳುತ್ತೆ, ನಡುವೆ ಆಗೋ ಕಡಿತ ಹೇಳಲ್ಲ.

ಅದಕ್ಕೆ ಬೇಕಾದ್ದು ಪಿಂಗ್, ಅಂದರೆ ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತಾ, ಎಷ್ಟು ಹೊತ್ತಿಗೆ ಬರುತ್ತೆ ಅಂತ ನೋಡುವ ಕಮಾಂಡ್. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಅಂತ ಟೈಪ್ ಮಾಡಿದರೆ ಕಪ್ಪು ಕಿಟಕಿ ತೆರೆಯುತ್ತೆ. ಅದರಲ್ಲಿ ಐಪಿಕಾನ್ಫಿಗ್ ಅಂತ ಕೊಟ್ಟರೆ ಡೀಫಾಲ್ಟ್ ಗೇಟ್‌ವೇ ಎದುರು ಒಂದು ನಂಬರ್ ಬರುತ್ತೆ, ಅದೇ ರೌಟರಿನ ವಿಳಾಸ. ನಮ್ಮದು 192.168.1.1. ಎರಡು ಕಪ್ಪು ಕಿಟಕಿ ಅಕ್ಕಪಕ್ಕ ಇಟ್ಟುಕೊಂಡೆ. ಒಂದರಲ್ಲಿ ರೌಟರಿಗೆ ಪಿಂಗ್, ಇನ್ನೊಂದರಲ್ಲಿ ಗೂಗಲ್‌ನ 8.8.8.8ಕ್ಕೆ ಪಿಂಗ್. ಕೊನೆಗೆ ಜಾಗ ಬಿಟ್ಟು ಒಂದು ಅಡ್ಡಗೆರೆ, ಟಿ ಅಕ್ಷರ ಸೇರಿಸಿದರೆ ನಾವು ನಿಲ್ಲಿಸುವ ತನಕ ಓಡುತ್ತಲೇ ಇರುತ್ತೆ. ಅವೆರಡನ್ನೂ ಸ್ಕ್ರೀನಿನ ಮೂಲೆಗೆ ತಳ್ಳಿ ನನ್ನ ಕೆಲಸ ನಾನು ಮಾಡಿಕೊಂಡಿದ್ದೆ.

ಓದುವ ಬಗೆ ಸರಳ. ನೆಟ್ ನಿಂತಾಗ ಎರಡೂ ಕಿಟಕಿಯಲ್ಲಿ 'ರಿಕ್ವೆಸ್ಟ್ ಟೈಮ್ಡ್ ಔಟ್' ಬಂದರೆ ತೊಂದರೆ ಮನೆಯೊಳಗೇ, ಲ್ಯಾಪ್‌ಟಾಪ್‌ಗೂ ರೌಟರಿಗೂ ನಡುವೆ. ರೌಟರಿನ ಕಿಟಕಿ ಓಡುತ್ತಾ ಎರಡನೆಯದು ಮಾತ್ರ ನಿಂತರೆ ತೊಂದರೆ ರೌಟರಿನಿಂದಾಚೆ. ಎರಡೂ ಓಡುತ್ತಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ, ಅಂದರೆ ವೆಬ್‌ಸೈಟಿನ ಹೆಸರಿಗೆ ನಂಬರ್ ವಿಳಾಸ ಹುಡುಕಿಕೊಡುವ ವ್ಯವಸ್ಥೆಯ ಮೇಲೆ, ಅನುಮಾನ ಪಡಬೇಕು. ವೈಫೈ ಸೆಟ್ಟಿಂಗ್‌ನಲ್ಲಿ ಅದನ್ನು 1.1.1.1ಕ್ಕೋ 8.8.8.8ಕ್ಕೋ ಬದಲಿಸಿ ನೋಡಬಹುದು. ಇನ್ನೊಂದು, ಸಮಯವನ್ನೂ ಗಮನಿಸಿ. ರೌಟರ್ ಮನೆಯಲ್ಲೇ ಇರೋದರಿಂದ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. ಅಲ್ಲೇ 400, 900 ಅಂತ ಜಿಗಿಯುತ್ತಿದ್ದರೆ ಕಂಪನಿಯವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ವೈಫೈ ಏದುಸಿರು ಬಿಡ್ತಿದೆ ಅಂತಲೇ ಅರ್ಥ.

ನಮ್ಮಲ್ಲಿ ಕಂಡಿದ್ದು ಎರಡು ಬೇರೆ ಬೇರೆ ರೋಗ. ಹಗಲು ಹೊತ್ತು ಎರಡೂ ಕಿಟಕಿ ಒಟ್ಟಿಗೆ ನಿಲ್ಲೋವು. ಗಾಳಿ ಎದ್ದ ಸಂಜೆ ಎರಡನೆಯದು ಮಾತ್ರ.

ಮೊದಲನೆಯದಕ್ಕೆ ಮತ್ತೊಂದು ಕಮಾಂಡ್ ನೆರವಾಯಿತು: ನೆಟ್‌ಎಸ್‌ಎಚ್, ಡಬ್ಲ್ಯೂಲ್ಯಾನ್, ಶೋ, ಇಂಟರ್‌ಫೇಸಸ್, ನಡುನಡುವೆ ಜಾಗ ಬಿಟ್ಟು. ಲ್ಯಾಪ್‌ಟಾಪ್ ಈಗ ಯಾವ ಚಾನೆಲ್‌ನಲ್ಲಿದೆ, ಸಿಗ್ನಲ್ ಶೇಕಡಾ ಎಷ್ಟು ಅಂತ ಅದು ಹೇಳುತ್ತೆ. ಒಮ್ಮೆ 36 ಅಂತ ತೋರಿಸಿದ ಚಾನೆಲ್ ಮತ್ತೊಮ್ಮೆ ನೋಡಿದರೆ 6. ಅಂದರೆ ರೌಟರ್ ಕೊಡುವ ಎರಡು ವೈಫೈ ಅಲೆಗಳಲ್ಲಿ 5 ಗಿಗಾಹರ್ಟ್ಸ್‌ನದರಿಂದ 2.4ರದಕ್ಕೆ ಹಾರಿ, ಮತ್ತೆ ವಾಪಸ್ ಹೋಗ್ತಿತ್ತು. 5ರ ಅಲೆಗೆ ವೇಗವುಂಟು, ಆದರೆ ಕಬ್ಬಿಣ ಕಟ್ಟಿದ ಆರ್‌ಸಿಸಿ ಮೋಲ್ಡ್ ದಾಟುವಷ್ಟರಲ್ಲಿ ಸುಸ್ತಾಗುತ್ತೆ. ರೌಟರಿನಲ್ಲಿ ಎರಡಕ್ಕೂ ಒಂದೇ ಹೆಸರು ಇದ್ದದ್ದರಿಂದ ಲ್ಯಾಪ್‌ಟಾಪ್ ತನಗೆ ತೋಚಿದ ಕಡೆ ಓಡಾಡುತ್ತಿತ್ತು, ಹಾಗೆ ಹಾರುವ ಪ್ರತಿ ಸಲವೂ ಕೆಲವು ಸೆಕೆಂಡು ಕಾಲ್ ಸತ್ತಂತೆ. ಬ್ರೌಸರ್‌ನಲ್ಲಿ ರೌಟರಿನ ವಿಳಾಸ ಕೊಟ್ಟರೆ ತೆರೆಯುವ ಅದರ ಸೆಟ್ಟಿಂಗ್ ಪುಟಕ್ಕೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟೆ, ಮೇಲಿನ ರೂಮಿಗೆ 2.4 ಮಾತ್ರ. ಚಾನೆಲ್ ಅನ್ನೂ 11ಕ್ಕೆ ಬದಲಿಸಿದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ, ಅಕ್ಕಪಕ್ಕದ ಮನೆಗಳವರೆಲ್ಲ 6ರಲ್ಲಿ ಕಿಕ್ಕಿರಿದಿದ್ದರು.

ಚಾರ್ಜರ್ ಕಿತ್ತಾಗ ಹೆಚ್ಚು ತೊಂದರೆ ಅನ್ನಿಸಿದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ ತೆರೆದು, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಕರೆಂಟ್ ಉಳಿಸೋಕೆ ಅದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಎಲ್ಲ ಲ್ಯಾಪ್‌ಟಾಪ್‌ನಲ್ಲೂ ಆ ಟ್ಯಾಬ್ ಇರಲ್ಲ. ಇನ್ನೂ ಒಂದು ಕಳ್ಳನಿದೆ, ಬಹಳ ಜನ ನಂಬಲ್ಲ: ಯುಎಸ್‌ಬಿ 3 ಹಾರ್ಡ್ ಡಿಸ್ಕ್. ಅದರ ವೈರ್ ಹೊರಡಿಸುವ ಗದ್ದಲ 2.4ರ ಮೇಲೇ ಬೀಳುತ್ತೆ ಅಂತ ಇಂಟೆಲ್ 2012ರಲ್ಲೇ ಬರೆದಿದೆ. ಬ್ಯಾಕಪ್ ಹಾಕಿದಾಗಲೆಲ್ಲ ಮೀಟಿಂಗ್ ಕುಂಟೋದಾದರೆ ಡಿಸ್ಕನ್ನು ಉದ್ದದ ಕೇಬಲ್‌ನಲ್ಲಿ ದೂರ ಇಟ್ಟು ನೋಡಿ.

ಇಷ್ಟಾದ ಮೇಲೆ ನೆಟ್ ಬಹುಪಾಲು ನೆಟ್ಟಗಾಯಿತು. ಆದರೂ ಹೊಟ್ಟೆಪಾಡಿನ ಕೆಲಸಕ್ಕೆ ವೈಫೈ ನೆಚ್ಚಬಾರದು ಅನ್ನೋದೇ ನನ್ನ ಪಕ್ಕಾ ಅಭಿಪ್ರಾಯ. ಎಂ.ಜಿ. ರಸ್ತೆಯ ಅಂಗಡಿಯಿಂದ ಕ್ಯಾಟ್ 6 ಅನ್ನುವ ಲ್ಯಾನ್ ಕೇಬಲ್ ತಂದು, ಹಾಲ್ ಕಿಟಕಿಯಿಂದ ಹೊರಗೆ, ಗೋಡೆ ಹಿಡಿದು ಮೇಲಕ್ಕೆ ಎಳೆಸಿದೆ. ಕ್ರಿಂಪ್ ಮಾಡುವಾಗ, ಅಂದರೆ ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ, ಪಕ್ಕದಲ್ಲೇ ನಿಂತಿದ್ದೆ. ಎಳೆಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟೂ ಎಳೆ ಪಿನ್ನಿನ ತುದಿ ಮುಟ್ಟಿದೆಯಾ ಅಂತ ಬೆಳಕಿಗೆ ಹಿಡಿದು ನೋಡಬೇಕು. ನೀಲಿ ಅಥವಾ ಕಂದು ಜೋಡಿ ಮುಟ್ಟದಿದ್ದರೂ ನೆಟ್ ಬರುತ್ತೆ, ಆದರೆ ಗಿಗಾಬಿಟ್ ಬದಲು 100 ಎಂಬಿಪಿಎಸ್‌ನಲ್ಲೇ ನಿಲ್ಲುತ್ತೆ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಕಿಂಡಿ ಇಲ್ಲದವರಿಗೆ ಯುಎಸ್‌ಬಿ ಅಡಾಪ್ಟರ್ ಸಿಗುತ್ತೆ.

ಇನ್ನು ಸಂಜೆಯ ರೋಗ. ಫೈಬರ್ ಕನೆಕ್ಷನ್ ಇರುವ ಬಹಳಷ್ಟು ರೌಟರಿನ ಪುಟದಲ್ಲಿ ಆರ್‌ಎಕ್ಸ್ ಪವರ್ ಅಂತ ಒಂದು ಸಂಖ್ಯೆ ಇರುತ್ತೆ, ಮನೆಗೆ ಬಂದು ಮುಟ್ಟುವ ಬೆಳಕಿನ ಪ್ರಮಾಣ. ಅದು ಡಿಬಿಎಂ ಅನ್ನುವ ಅಳತೆಯಲ್ಲಿ, ಸಾಮಾನ್ಯವಾಗಿ ಮೈನಸ್‌ನಲ್ಲೇ ಇರುತ್ತೆ. ಮೈನಸ್ 20ರ ಆಸುಪಾಸಿದ್ದರೆ ಆರೋಗ್ಯ, ಮೈನಸ್ 27 ದಾಟಿದರೆ ಸಾಮಾನ್ಯವಾಗಿ ರೌಟರಿಗೆ ಕಣ್ಣು ಕಾಣಲ್ಲ. ಮೂರು ಕಡಿಮೆಯಾಯಿತು ಅಂದರೆ ಬೆಳಕು ಅರ್ಧಕ್ಕಿಳಿದಂತೆ. ನಮ್ಮದು ಬೆಳಿಗ್ಗೆ ಮೈನಸ್ 21, ಗಾಳಿ ಬೀಸುವಾಗ 26, 28 ಅಂತ ತೂಗಾಡ್ತಿತ್ತು. ಎರಡೂ ಹೊತ್ತಿನ ಪುಟವನ್ನು, ಜೊತೆಗೆ ಎರಡು ಕಪ್ಪು ಕಿಟಕಿಗಳನ್ನು ಫೋಟೊ ತೆಗೆದು ಅದೇ ಹುಡುಗನಿಗೆ ವಾಟ್ಸಾಪ್ ಮಾಡಿದೆ. ಈ ಸಲ ಅವನು ಸ್ಪೀಡ್ ಟೆಸ್ಟ್ ತೆಗೆಯಲಿಲ್ಲ, ಸೀದಾ ಏಣಿ ಹಾಕಿದ.

"ಕೋತಿ ಜೋತಾಡವೆ ನೋಡಕ್ಕ" ಅಂದ ಕಂಬದ ಮೇಲಿಂದಲೇ. ಬೆಟ್ಟದ ಕೋತಿಗಳಿಗೆ ನಮ್ಮ ಬೀದಿಯ ಕೇಬಲ್ಲೇ ಉಯ್ಯಾಲೆ. ಕೇಬಲ್ ತುಂಡಾಗಿರಲಿಲ್ಲ, ಕೊಕ್ಕೆಯ ಹತ್ತಿರ ಚೂಪಾಗಿ ಮಡಿಚಿಕೊಂಡಿತ್ತು. ಗಾಜಿನ ಎಳೆ ಹಾಗೆ ಬಗ್ಗಿದರೆ ಬೆಳಕು ಆ ಮಡಿಕೆಯಲ್ಲೇ ಹೊರಗೆ ಸೋರಿಹೋಗುತ್ತೆ. ಗಾಳಿಗೆ ಮಡಿಕೆ ಅಲುಗಿದಷ್ಟೂ ಸಂಖ್ಯೆ ಅಲುಗುತ್ತೆ. ಆ ತುಂಡು ಕತ್ತರಿಸಿ, ಹೊಸದಾಗಿ ಬೆಸೆದು, ಸುತ್ತು ದೊಡ್ಡದಾಗಿ ಬಿಟ್ಟು ಕಟ್ಟಿದ. ಹಾಲ್‌ನಲ್ಲಿ ಟಿವಿ ಸ್ಟ್ಯಾಂಡ್ ಹಿಂದೆ ಒತ್ತಿಹೋಗಿದ್ದ ಹಳದಿ ಕೇಬಲ್ಲನ್ನೂ ಬಿಡಿಸಿದೆವು. ಈಗ ಗಾಳಿಗೂ ಮೈನಸ್ 21 ಬಿಟ್ಟು ಕದಲಲ್ಲ.

ಕರೆಂಟ್ ವಿಷಯ ಬೇಗ ಮುಗಿಸ್ತೀನಿ. ಇನ್ವರ್ಟರ್ ಇದ್ದರೂ, ಅದು ಬದಲಾಗುವ ಕ್ಷಣದಲ್ಲಿ ಕೆಲವು ರೌಟರ್ ರೀಸ್ಟಾರ್ಟ್ ಆಗುತ್ತವೆ, ಮತ್ತೆ ಲೈನ್ ಹಿಡಿಯೋಕೆ ನಿಮಿಷಗಳೇ ಬೇಕು. ರೌಟರಿಗೆ ಅಂತಲೇ ಬರುವ 12 ವೋಲ್ಟಿನ ಪುಟ್ಟ ಯುಪಿಎಸ್ ಸಾಕು. ಕೊಳ್ಳುವ ಮುಂಚೆ ರೌಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿಕೊಳ್ಳಿ. ಇಷ್ಟಾಗಿಯೂ ಹೊರಗಿನ ಲೈನ್ ಕೈಕೊಟ್ಟ ದಿನ ಮೊಬೈಲನ್ನು ಯುಎಸ್‌ಬಿ ವೈರಿನಲ್ಲೇ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಟೆದರಿಂಗ್ ಆನ್ ಮಾಡ್ತೀನಿ. ಹಾಟ್‌ಸ್ಪಾಟ್ ಅಂದರೆ ಅದೂ ವೈಫೈಯೇ ತಾನೆ. ವೈರ್ ಆದರೆ ಫೋನ್ ಚಾರ್ಜೂ ಆಗುತ್ತೆ.