ಇಂಗ್ಲಿಷಿನಲ್ಲಿ ಟೈಮ್ ಕೇಳಿದರೆ ತಪ್ಪಿಲ್ಲದೆ ಉತ್ತರಿಸುವುದು ಹೇಗೆ?

ಚಿಕ್ಕಮಗಳೂರಿನ ಒಂದು ಹೋಮ್‌ಸ್ಟೇಯಲ್ಲಿ ಕೆಲಸಕ್ಕಿದ್ದಾಗ ನಡೆದದ್ದು. ಇಂಗ್ಲೆಂಡಿನ ದಂಪತಿ ರಾತ್ರಿಯೇ ಹೇಳಿದ್ದರು, ‘ಬ್ರೇಕ್‌ಫಾಸ್ಟ್ ಅಟ್ ಹಾಫ್ ಸೆವೆನ್, ಓಕೆ?’ ಏಳಕ್ಕೆ ಅರ್ಧ ಗಂಟೆ ಕಡಿಮೆ, ಅಂದರೆ ಆರೂವರೆ ಅಂದುಕೊಂಡೆ. ಅಡುಗೆಯ ಅಕ್ಕ ನಾಲ್ಕೂವರೆಗೇ ಎದ್ದು ಕಡುಬಿಗೆ ನೀರಿಟ್ಟರು. ಆರೂವರೆಗೆ ಟೇಬಲ್ ಮೇಲೆ ಹಬೆಯಾಡುತ್ತಿದ್ದ ಕಡುಬು, ಅವರು ಏಳೂವರೆಗೆ ಬರುವಷ್ಟರಲ್ಲಿ ಆರಿ ಗಟ್ಟಿಯಾಗಿತ್ತು. ಅಕ್ಕ ಏನೂ ಅನ್ನದೆ ಮತ್ತೆ ಹಬೆಗಿಟ್ಟರು. ನನಗೆ ತುಂಬಾ ಬೇಜಾರಾಯಿತು.

ಬ್ರಿಟಿಷರ ಮಾತಿನಲ್ಲಿ ‘ಹಾಫ್ ಸೆವೆನ್’ ಅಂದರೆ ಏಳೂವರೆ. ಜರ್ಮನ್ ಭಾಷೆಯಲ್ಲಿ ಹಾಗೇ ಹೇಳಿದರೆ ಆರೂವರೆ! ಅದಕ್ಕೇ ಮೊದಲ ಹೆಜ್ಜೆ ಇದು.

1. ಅಂಕಿಯಲ್ಲಿ ವಾಪಸ್ ಕೇಳಿ. ‘ಸೆವೆನ್ ಥರ್ಟಿ, ರೈಟ್?’ ಅಷ್ಟೇ. ಇದರಲ್ಲಿ ನಾಚಿಕೆ ಏನೂ ಇಲ್ಲ. ‘ನೆಕ್ಸ್ಟ್ ಫ್ರೈಡೇ’ ಅಂದರೆ ತಾರೀಖು ಕೇಳಿ. ಈ ಶುಕ್ರವಾರವೋ ಮುಂದಿನ ವಾರದ್ದೋ ಅನ್ನುವುದರಲ್ಲಿ ಇಂಗ್ಲಿಷ್ ಮನೆಮಾತಿನವರಿಗೇ ಒಮ್ಮತ ಇಲ್ಲ.

2. ‘ದ’ ಇದೆಯಾ, ಗಮನಿಸಿ. ಹಾಸನ ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬಸ್ಸಿಗೆ ಕಾಯುವ ಪ್ರವಾಸಿ ‘ಡು ಯು ಹ್ಯಾವ್ ದ ಟೈಮ್?’ ಅಂದರೆ ಗಂಟೆ ಎಷ್ಟು ಅಂತ. ‘ಡು ಯು ಹ್ಯಾವ್ ಟೈಮ್?’ ಅಂದರೆ ಬಿಡುವಿದೆಯಾ ಅಂತ.

3. ‘ಡು’ನಾ, ‘ಆರ್’ಆ? ನಾವು ಹೆಚ್ಚು ಎಡವುವುದು ಇಲ್ಲೇ. ತಪ್ಪು ನಮ್ಮದೂ ಅಲ್ಲ, ನಮ್ಮ ಭಾಷೆಯ ಅಭ್ಯಾಸ ಅದು. ‘ಎಷ್ಟು ಗಂಟೆಗೆ ಏಳ್ತೀರಾ?’ ಅಂತ ಕನ್ನಡದಲ್ಲಿ ಕೇಳಿದರೆ ದಿನಾ ಏಳುವುದೂ ಆಗಬಹುದು, ನಾಳೆ ಏಳುವುದೂ ಆಗಬಹುದು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಎರಡೂ ಬೇರೆ. ‘ವಾಟ್ ಡು ಯು ಡೂ ಇನ್ ದಿ ಈವ್ನಿಂಗ್?’ ಅಂದರೆ ದಿನಾ ಸಂಜೆ ಏನು ಮಾಡುತ್ತೀರಿ ಅಂತ. ವಾಕಿಂಗ್, ಧಾರಾವಾಹಿ, ಏನಿದೆಯೋ ಹೇಳಿ. ‘ವಾಟ್ ಆರ್ ಯು ಡೂಯಿಂಗ್ ದಿಸ್ ಈವ್ನಿಂಗ್?’ ಅಂದರೆ ಇವತ್ತಿನ ಸಂಜೆಯ ಮಾತು. ಎಷ್ಟೋ ಸಲ ಅದು ‘ಜೊತೆಗೆ ಬರ್ತೀರಾ’ ಅನ್ನುವುದಕ್ಕೆ ಪೀಠಿಕೆ. ಅದಕ್ಕೆ ದಿನಚರಿ ಒಪ್ಪಿಸಿದರೆ, ಇವರಿಗೆ ಬರಲು ಇಷ್ಟವಿಲ್ಲವೇನೋ ಅಂತ ಅವರು ಸುಮ್ಮನಾಗಿಬಿಡುತ್ತಾರೆ.

4. ‘ಹೌ ಲಾಂಗ್’ ಹಿಂದಿನದ್ದೋ ಮುಂದಿನದ್ದೋ ನೋಡಿ. ‘ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?’ ಅಂದರೆ ಬಂದು ಎಷ್ಟು ದಿನ ಆಯ್ತು. ‘ಹೌ ಲಾಂಗ್ ಆರ್ ಯು ಹಿಯರ್ ಫಾರ್?’ ಅಂದರೆ ಒಟ್ಟು ಎಷ್ಟು ದಿನ ಇರ್ತೀರಾ. ನಿನ್ನೆ ಬಂದವರು ಇದಕ್ಕೆ ‘ಫೈವ್ ಡೇಸ್’ ಅಂದರೆ, ಇನ್ನೂ ನಾಲ್ಕು ದಿನದ ಅಡುಗೆಗೆ ಸಾಮಾನು ತರಿಸಬೇಕು.

5. ‘ವಾಟ್ ಟೈಮ್ ಈಸ್ ಟೀ?’ ಅಂದರೆ ಬರೀ ಚಹಾ ಅಂದುಕೊಳ್ಳಬೇಡಿ. ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಸಂಜೆಯ ಊಟಕ್ಕೇ ಟೀ ಅನ್ನುತ್ತಾರೆ, ಮಧ್ಯಾಹ್ನದ ಊಟಕ್ಕೆ ಡಿನ್ನರ್. ‘ಟೀ ಆರ್ ಎ ಮೀಲ್?’ ಅಂತ ಕೇಳಿ.

6. ಕೊನೆಗೆ 12 ಎಎಂ. ಇದು ನಡುರಾತ್ರಿ, ಹೊಸ ದಿನದ ಶುರು. ಬೆಂಗಳೂರಿನ ಬಸ್ ಟಿಕೆಟ್ ತೋರಿಸಿ ಅತಿಥಿ ‘ವೆನ್ ಶುಡ್ ವಿ ಲೀವ್?’ ಅಂದರೆ ದಿನ ನೋಡಿ ಹೇಳಿ. ಶನಿವಾರ 12:15 ಎಎಂ ಅಂತಿದ್ದರೆ ಶುಕ್ರವಾರ ರಾತ್ರಿ ಊಟ ಮುಗಿಸಿಯೇ ಹೊರಡಬೇಕು.