ಟ್ರಿಯೊದಲ್ಲಿ ಪಿಯಾನೊ: ನನ್ನ ಅನುಭವ

ಬೆಂಗಳೂರಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ನುಡಿಸಿಕೊಂಡು ಬದುಕೋಕೆ ಆಗುತ್ತಾ ಅಂತ ಕೇಳುವವರು ಜಾಸ್ತಿ. ಆಗುತ್ತೆ, ಆದರೆ ಕಛೇರಿಯ ದುಡ್ಡಿನಿಂದಲ್ಲ. ನನ್ನ ಮನೆ ಬಾಡಿಗೆ ಹುಟ್ಟುವುದು ಪಾಠದಿಂದ. ವಯೊಲಿನ್, ಚೆಲ್ಲೊ ಕಲಿಯುವ ಮಕ್ಕಳಿಗೆ ಗ್ರೇಡ್ ಪರೀಕ್ಷೆಯ ದಿನ ಪಿಯಾನೊ ಸಾಥ್ ಕೊಡುತ್ತೇನೆ, ಅದರಿಂದಲೂ ಒಂದಿಷ್ಟು. ಚೇಂಬರ್ ಸಂಗೀತದಲ್ಲಿ, ಅಂದರೆ ಟ್ರಿಯೊ (ಮೂವರು), ಕ್ವಾರ್ಟೆಟ್ (ನಾಲ್ವರು) ಥರ ಕೆಲವೇ ಜನ ಸೇರಿ ನುಡಿಸುವುದರಲ್ಲಿ, ಸಿಗುವುದು ಆಟೋ ಖರ್ಚಿಗೆ ಸರಿಹೋಗುತ್ತದೆ. ಆದರೂ ನನಗೆ ಕೇಳಿಸಿಕೊಳ್ಳೋದು ಕಲಿಸಿದ್ದು ಅದೇ.

ಪಿಯಾನೊದ ಕೀಲಿ ಒತ್ತಿದ ತಕ್ಷಣ ಸ್ವರ ಬರುತ್ತದೆ. ಕಮಾನು ತಂತಿಯನ್ನು ಹಿಡಿಯೋಕೆ ಒಂದು ಚೂರು ಹೊತ್ತು ಬೇಕು. ಹಾಗಾಗಿ ವಯೊಲಿನಿಸ್ಟ್ ತಲೆ ಆಡಿಸಿದಾಗ ನಾನು ಶುರು ಮಾಡುವುದಿಲ್ಲ. ಅವರ ಬಲಗೈ ಮೇಲೇ ಕಣ್ಣಿಟ್ಟು, ಕಮಾನು ತಂತಿಗೆ ಕೂತಾಗ ಬೆರಳು ಇಳಿಸುತ್ತೇನೆ. ಮೊಜಾರ್ಟ್ 1785ರಲ್ಲಿ ಬರೆದ ಜಿ ಮೈನರ್ ಪಿಯಾನೊ ಕ್ವಾರ್ಟೆಟ್‌ನಲ್ಲಿ ನಾಲ್ಕೂ ಜನ ಒಂದೇ ಸ್ವರಮಾಲೆಯನ್ನು ಒಟ್ಟಿಗೆ ಗುದ್ದಿ ಶುರು ಮಾಡಬೇಕು. ಅಲ್ಲಿ ಮುಚ್ಚಿಕೊಳ್ಳೋಕೆ ಏನೂ ಇಲ್ಲ. ಒಬ್ಬರು ಕೂದಲೆಳೆಯಷ್ಟು ಮುಂದೆ ಹೋದರೂ ಹಿಂದಿನ ಸಾಲಿನ ಕೇಳುಗರಿಗೆ ಗೊತ್ತಾಗುತ್ತದೆ. ರಿಹರ್ಸಲ್‌ನಲ್ಲಿ ಬರೀ ಆ ಮೊದಲ ಸಾಲನ್ನೇ ನಾವು ಮತ್ತೆ ಮತ್ತೆ ನುಡಿಸುತ್ತೇವೆ, ಒಟ್ಟಿಗೆ ಉಸಿರು ತೆಗೆದುಕೊಂಡು.

ಉಳಿದವರ ಎದುರಿನ ಸ್ವರಲಿಪಿಯಲ್ಲಿರುವುದು ಅವರವರ ಸಾಲು ಮಾತ್ರ. ಪಿಯಾನೊ ಪುಸ್ತಕದಲ್ಲಿ ಎಲ್ಲರದ್ದೂ ಇರುತ್ತದೆ, ಮೇಲ್ಗಡೆ ಚಿಕ್ಕದಾಗಿ ಅಚ್ಚಾಗಿ. ಯಾರಾದರೂ ದಾರಿ ತಪ್ಪಿದರೆ ಹಿಡಿಯಬೇಕಾದವರು ನಾವೇ. ಹೊಸ ಕೃತಿ ಕೈಗೆ ಬಂದರೆ ನಾನು ಮೊದಲು ಚೆಲ್ಲೊ ಸಾಲನ್ನು ಬಾಯಲ್ಲಿ ಹಾಡಿಕೊಂಡು ಎಡಗೈ ನುಡಿಸಿ ನೋಡುತ್ತೇನೆ. ಮೊಜಾರ್ಟ್‌ನ ಸಮಕಾಲೀನ ಹೈಡನ್ ಬರೆದ ಟ್ರಿಯೊಗಳಲ್ಲಂತೂ ಬಹಳಷ್ಟು ಕಡೆ ಚೆಲ್ಲೊ ಮತ್ತು ಪಿಯಾನೊದ ಎಡಗೈ ಒಂದೇ ಸ್ವರ. ಆ ಕಾಲದ ಪಿಯಾನೊಗೆ ಕೆಳಗಿನ ಸ್ವರಗಳಲ್ಲಿ ಬಲ ಕಮ್ಮಿ, ಚೆಲ್ಲೊ ಆಸರೆಯಾಗಿತ್ತು. ಇವತ್ತಿನ ಕಬ್ಬಿಣದ ಚೌಕಟ್ಟಿನ ಗ್ರ್ಯಾಂಡ್ ಪಿಯಾನೊದಲ್ಲಿ ಅದೇ ಎಡಗೈಯನ್ನು ಜೋರಾಗಿ ನುಡಿಸಿದರೆ ಚೆಲ್ಲೊ ಮುಳುಗಿಹೋಗುತ್ತದೆ. ಅದಕ್ಕೇ ಪಿಯಾನೊ ಮುಚ್ಚಳ ಇಳಿಸಿ ಅಂತ ಆಯೋಜಕರು ಹೇಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ಮುಚ್ಚಿದರೆ ನಾದ ಮಬ್ಬಾಗುತ್ತದೆ, ನಮಗೇ ಸರಿಯಾಗಿ ಕೇಳಿಸದೆ ಇನ್ನೂ ಜೋರಾಗಿ ಬಡಿಯುತ್ತೇವೆ. ಪೂರ್ತಿ ತೆರೆದಿಟ್ಟು, ನಾದ ಉಳಿಸುವ ಕಾಲಿನ ಪೆಡಲ್ ಕಡಿಮೆ ಮಾಡಿ, ಎಡಗೈ ಹಗುರ ಮಾಡಿದರೆ ಸಾಕು.

ಶ್ರುತಿಯ ವಿಷಯದಲ್ಲಿ ಮಾತ್ರ ಪಿಯಾನೊ ಯಾರ ಮಾತೂ ಕೇಳುವುದಿಲ್ಲ. ಕಛೇರಿ ನಡುವೆ ಅದನ್ನು ಸರಿಮಾಡೋಕೆ ಆಗಲ್ಲ, ಇನ್ನೂರಕ್ಕೂ ಜಾಸ್ತಿ ತಂತಿ. ಅದರ ಅಂತರ ಗಾಂಧಾರ, ತಾನಾಗೇ ಮೊಳಗುವ ಸಹಜ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ಸ್ ಮೇಲಿರುತ್ತದೆ (ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರ 100 ಸೆಂಟ್ಸ್). ಹನ್ನೆರಡು ಸ್ವರಗಳನ್ನೂ ಸಮ ಅಂತರದಲ್ಲಿ ಕೂರಿಸಿದ್ದರ ಫಲ ಅದು. ಕರ್ನಾಟಕ ಸಂಗೀತ ಕಲಿತು ಬಂದ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. "ಮಿಸ್, ಈ ಗ ಯಾಕೋ ಚುಚ್ಚುತ್ತೆ" ಅಂದಿದ್ದಳು ಒಬ್ಬ ಹುಡುಗಿ. ತಂಬೂರಿಯಲ್ಲಿ ತಾನಾಗೇ ಮೊಳಗುವ ಅಂತರ ಗಾಂಧಾರ ಅವಳ ಕಿವಿಯಲ್ಲಿತ್ತು. ವಯೊಲಿನ್‌ನವರಿಗೂ ಅದೇ ಕಷ್ಟ. ತಂತಿವಾದ್ಯಗಳಷ್ಟೇ ಇದ್ದಾಗ ಗಾಂಧಾರವನ್ನು ಕೊಂಚ ಇಳಿಸುತ್ತಾರೆ, ನಾನು ಸೇರಿದ ಕೂಡಲೇ ನನ್ನ ಗಾಂಧಾರಕ್ಕೇ ಬರುತ್ತಾರೆ. ಅದಕ್ಕೇ ಅಂಥ ಜಾಗದಲ್ಲಿ ನನ್ನ ಗಾಂಧಾರವನ್ನು ಮೆಲ್ಲಗೆ ನುಡಿಸುತ್ತೇನೆ.

ಮಳೆಗಾಲದಲ್ಲಿ ಇನ್ನೊಂದು ಗೋಳು. ಗಾಳಿಯ ತೇವಕ್ಕೆ ಪಿಯಾನೊ ಒಳಗಿನ ಮರದ ನಾದಫಲಕ ಉಬ್ಬುತ್ತದೆ, ಶ್ರುತಿ ಏರುತ್ತದೆ, ಕೀಲಿಗಳು ಒತ್ತಿದಲ್ಲೇ ಕೂತುಬಿಡುತ್ತವೆ. ಒಂದು ಸಭಾಂಗಣದಲ್ಲಿ ಹೀಗೇ ಎರಡು ಕೀಲಿಗಳನ್ನು ನಡುನಡುವೆ ಬೆರಳಿನಿಂದ ಎತ್ತಿಕೊಂಡೇ ಕಛೇರಿ ಮುಗಿಸಿದೆ.

ಪಾಠಕ್ಕೆ ಬರುವ ಅಪ್ಪ ಅಮ್ಮಂದಿರ ಮೊದಲ ಪ್ರಶ್ನೆ, "ಯಾವಾಗ ಗ್ರೇಡ್ ಒನ್?" ಪರೀಕ್ಷೆ ಬೇಡ ಅಂತಲ್ಲ. ಆದರೆ ಎಂಟು ಗ್ರೇಡ್ ಮುಗಿಸಿಯೂ ಇನ್ನೊಬ್ಬರ ಜೊತೆ ನಾಲ್ಕು ಸಾಲು ನುಡಿಸಲಾಗದ ಮಕ್ಕಳನ್ನು ನೋಡಿದ್ದೇನೆ. ಅದಕ್ಕೇ ಶುರುವಿನಲ್ಲೇ ಡಿಯಾಬೆಲ್ಲಿ ಅನ್ನೋ ಸಂಗೀತಕಾರ ಇಬ್ಬರು ಜೊತೆಗೆ ನುಡಿಸೋಕೆ ಬರೆದ ಓಪಸ್ 149 ಹಿಡಿಸುತ್ತೇನೆ. ಒಂದೇ ಪಿಯಾನೊ, ನಾಲ್ಕು ಕೈ. ಮಗುವಿನ ಪಾಲಿಗೆ ಐದೇ ಸ್ವರ, ಬೆರಳು ಜಾಗ ಬಿಟ್ಟು ಕದಲಬೇಕಿಲ್ಲ. ಉಳಿದ ತಾಪತ್ರಯವೆಲ್ಲ ಟೀಚರ್‌ದು. ನನ್ನ ಷರತ್ತು ಒಂದೇ: ತಪ್ಪಾದರೆ ಹಿಂದಕ್ಕೆ ಹೋಗುವಂತಿಲ್ಲ, ಕೈ ನಿಂತರೂ ಎಣಿಕೆ ನಿಲ್ಲಬಾರದು, ಮುಂದಿನ ಸಾಲಿನಲ್ಲಿ ಬಂದು ಸೇರಿಕೊಳ್ಳಬೇಕು. ಚುರುಕಾಗಿ ಬೆರಳಾಡಿಸುವ ಮಕ್ಕಳಿಗೇ ಇದು ಜಾಸ್ತಿ ಕಷ್ಟ.